ಟೊಮೇಟೊ ಅಂಗಮಾರಿ ಹತೋಟಿಗೆ ಬಂದದ್ದು ಹೀಗೆ

ಹಾಸನದ ಜಡಿಮಳೆಯಲ್ಲಿ ಟೊಮೇಟೊ ಎಲೆ ಮೇಲೆ ನೀರಲ್ಲಿ ತೋಯ್ದಂಥ ಕಂದು ಮಚ್ಚೆ, ಬೆಳಿಗ್ಗೆ ಅಡಿಭಾಗದಲ್ಲಿ ಬಿಳಿ ಬೂಷ್ಟು ಕಂಡರೆ ಅಂಗಮಾರಿಯೇ. ಆಲೂಗಡ್ಡೆಗೆ ಬರುವುದೂ ಇದೇ ರೋಗ. ಪಕ್ಕದ ಹೊಲದಿಂದ ಗಾಳಿಯಲ್ಲೇ ಹರಡುತ್ತದೆ.

ರೋಗದ ಎಲೆಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿದೆ. ಗೊಬ್ಬರದ ಗುಂಡಿಗೆ ಖಂಡಿತ ಬೇಡ. ಆಮೇಲೆ ಕಾಫಿ ತೋಟದವರು ಬಲ್ಲ, ಬೂಷ್ಟು ರೋಗ ತಡೆಯುವ ಬೋರ್ಡೋ ದ್ರಾವಣ: 50 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಎರಡೂವರೆ ಲೀಟರ್ ನೀರಿನಲ್ಲಿ, 50 ಗ್ರಾಂ ಸುಟ್ಟ ಸುಣ್ಣ ಇನ್ನೆರಡೂವರೆ ಲೀಟರ್‌ನಲ್ಲಿ, ಎರಡಕ್ಕೂ ಪ್ಲಾಸ್ಟಿಕ್ ಬಕೆಟ್. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಬೇಕು. ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿಗೆ ಕೆಂಪು ಹತ್ತಿದರೆ ಎಲೆ ಸುಡುತ್ತದೆ, ಸುಣ್ಣ ಸೇರಿಸಿ. ಸೋಸಿ, ಅಂದೇ, ಮಳೆ ಬಿಟ್ಟಾಗ ಎಲೆಯಡಿಗೂ ತಾಗುವಂತೆ ಸಿಂಪಡಿಸಿ. ಹಳೆಯ ಮಚ್ಚೆ ಹಸಿರಾಗದು, ಹೊಸ ಚಿಗುರು ನೋಡಿ. ಈಗ ನೀರು ಬುಡಕ್ಕಷ್ಟೇ.