ಹಿಂದಿನ ಗ್ಲಾಸಿಗೆ ಕಪ್ಪು ಪೇಪರ್ ಹಾಕ್ಸೋ ಮುಂಚೆ, ಮಲೆನಾಡಲ್ಲಿ ಕಾರ್ ಓಡ್ಸೋರು ಇದನ್ನ ಓದಿ

ಹೊಸ ಕಾರ್ ಮನೆಗೆ ಬಂದು ವಾರ ಆಗಿರಲ್ಲ, ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಹಿಂದಿನ ಗ್ಲಾಸ್‌ಗಳಿಗೆ ಕಪ್ಪು ಕೂಲಿಂಗ್ ಪೇಪರ್ ಹೊಡ್ಸಿಬಿಡು, ಲುಕ್ಕೂ ಬರತ್ತೆ ಒಳಗೆ ತಂಪೂ ಇರತ್ತೆ ಅಂತ. ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ, ನಮ್ಮ ಶಿವಮೊಗ್ಗ ಕಡೆಗೆ, ಅದ್ರಲ್ಲೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದಿನಾ ಓಡಾಡೋರಿಗೆ, ಅದು ಬೇಡ. ಜನ ಪೇಪರ್ ಹಾಕ್ಸೋಕೆ ಕಾರಣ ಅಂತ ಹೇಳೋದು ಸೆಕೆ, ಹಿಂದೆ ಬರೋ ಗಾಡಿ ಲೈಟು, ಒಳಗಿನ ಸಾಮಾನು ಕಾಣ್ಬಾರ್ದು, ಮಕ್ಳಿಗೆ ಬಿಸಿಲು ಬೀಳತ್ತೆ, ಇಷ್ಟೇ. ಇದಕ್ಕೆಲ್ಲ ಪೇಪರ್ ಇಲ್ದೇನೂ ದಾರಿ ಇದೆ, ಅದನ್ನೇ ಒಂದೊಂದಾಗಿ ಬರೀತೀನಿ.

ಮೊದ್ಲು ಕಾನೂನು, ಬೇಗ ಮುಗ್ಸಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ದೊಡ್ಡ ಗ್ಲಾಸಲ್ಲಿ ಕಮ್ಮಿ ಅಂದ್ರೂ 70% ಬೆಳಕು ಹಾಯ್ಬೇಕು, ಸೈಡ್ ಗ್ಲಾಸಲ್ಲಿ 50%. ಇದು ಕಂಪನಿಯಿಂದ ಬರೋ ಗ್ಲಾಸಿಗೆ ಹೇಳಿದ್ದು. ಆಮೇಲೆ 2012ರ ಏಪ್ರಿಲ್ 27ಕ್ಕೆ ಸುಪ್ರೀಂ ಕೋರ್ಟ್ ಅವಿಷೇಕ್ ಗೋಯೆಂಕಾ ಕೇಸಲ್ಲಿ ಗ್ಲಾಸ್ ಮೇಲೆ ಯಾವ ಪರ್ಸೆಂಟಿನ ಫಿಲ್ಮೂ (ನಾವು ಪೇಪರ್ ಅನ್ನೋದು ಇದನ್ನೇ) ಅಂಟಿಸ್ಬಾರ್ದು ಅಂತ ಹೇಳ್ತು, ಮೇ 4ರಿಂದ ಅದು ಜಾರಿಗೂ ಬಂತು, ಫಿಲ್ಮ್ ತಯಾರಿಸೋರು ಮತ್ತೆ ಹೋಗಿ ಕೇಳ್ದಾಗ ಅದೇ ವರ್ಷ ಆಗಸ್ಟಲ್ಲಿ ಕೋರ್ಟು ಇನ್ನೊಂದ್ಸಲ ಇಲ್ಲ ಅಂತು. ಝಡ್, ಝಡ್ ಪ್ಲಸ್ ಭದ್ರತೆ ಇರೋರಿಗೆ ಮಾತ್ರ ವಿನಾಯ್ತಿ, ನಮಗ್ಯಾರಿಗೂ ಅದಿಲ್ಲ ಬಿಡಿ. ದಂಡ ಮೋಟಾರು ವಾಹನ ಕಾಯ್ದೆ 177ನೇ ಸೆಕ್ಷನಲ್ಲಿ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ರೆ 1500ರವರೆಗೆ. ದುಡ್ಡಿಗಿಂತ ಬೇಜಾರು ಎಂತ ಅಂದ್ರೆ, ಮದ್ವೆಗೆ ಅಂತ ಮನೆಮಂದಿನೆಲ್ಲ ಕೂರಿಸ್ಕೊಂಡು ಹೋಗ್ತಿರ್ತೀರಿ, ರೋಡ್ ಸೈಡಲ್ಲಿ ನಿಲ್ಸಿ ಅಲ್ಲೇ ಪೇಪರ್ ಕೀಳ್ಸಿದ್ರೆ ರೇಷ್ಮೆ ಸೀರೆ ಉಟ್ಕೊಂಡೋರೆಲ್ಲ ಕೆಳಗಿಳಿದು ನಿಂತಿರ್ಬೇಕು.

ಅಂಗಡಿಯೋರು ಈಗ ಹೊಸ ಮಾತು ಶುರು ಮಾಡಿದಾರೆ, ಕೇರಳದಲ್ಲಿ ಕೋರ್ಟೇ ಬಿಟ್ಟಿದೆ ಸಾರ್ ಅಂತ. ಅದು ಪೂರ್ತಿ ಸುಳ್ಳಲ್ಲ. ನಿಯಮಕ್ಕೆ 2020ರಲ್ಲಿ ತಿದ್ದುಪಡಿ ಆಗಿ 2021ರ ಏಪ್ರಿಲ್ 1ರಿಂದ ಸೇಫ್ಟಿ ಗ್ಲೇಜಿಂಗ್, ಅಂದ್ರೆ ಒಳಮೈಗೆ ಪ್ಲಾಸ್ಟಿಕ್ ಪದರ ಇರೋ ಗ್ಲಾಸು, ಅಂತ ಒಂದು ಸೇರ್ತು, ಅದನ್ನ ಹಿಡ್ಕೊಂಡು ಕೇರಳ ಹೈಕೋರ್ಟು 2024ರಲ್ಲಿ ಮಾನದಂಡಕ್ಕೆ ಸರಿ ಇರೋ ಫಿಲ್ಮ್ ಹಾಕಿದ್ರೆ ದಂಡ ಹಾಕೋ ಹಾಗಿಲ್ಲ ಅಂತ ಹೇಳ್ತು. ಆದ್ರೆ ಒಂದು, ಅದು ಪಕ್ಕದ ರಾಜ್ಯದ ಹೈಕೋರ್ಟು, ಅದನ್ನ ತೋರ್ಸಿ ಇಲ್ಲಿ ಪೊಲೀಸರ ಹತ್ರ ವಾದ ಮಾಡೋಕೆ ನಿಮಗೆ ಪುರುಸೊತ್ತಿದ್ರೆ ಮಾಡಿ. ಇನ್ನೊಂದು, ಅಲ್ಲೂ 70 ಮತ್ತು 50ರ ಮಿತಿ ಹಾಗೇ ಇದೆ. ನಿಮಗೆ ಬೇಕಾಗಿರೋ ಗಾಢ ಕಪ್ಪು ಯಾವ ಲೆಕ್ಕದಲ್ಲೂ ಪಾಸಾಗಲ್ಲ. ಲೆಕ್ಕ ಅಂದ್ರೆ ಹೀಗೆ, ಗ್ಲಾಸಲ್ಲೇ 75% ಬೆಳಕು ಹಾಯತ್ತೆ ಅಂತ ಇಟ್ಕೊಳ್ಳಿ, ಅದ್ರ ಮೇಲೆ 50%ದು ಫಿಲ್ಮ್ ಹಾಕಿದ್ರೆ ಎರಡನ್ನೂ ಗುಣಿಸ್ಬೇಕು, ಉಳಿಯೋದು 37% ಚಿಲ್ಲರೆ ಅಷ್ಟೇ. ಫಿಲ್ಮ್ ಡಬ್ಬದ ಮೇಲಿನ ನಂಬರ್ ನೋಡಿ 50 ಇದೆ ಸಾಕು ಅಂದ್ಕೊಂಡೋರು ಸುಮಾರ್ ಜನ ಇದಾರೆ.

ಹಿಂದಿನ ಸೀಟಿನ ಗ್ಲಾಸಿಗೆ ಪರ್ವಾಗಿಲ್ಲ ಅನ್ನೋದು ಹೊರದೇಶದ ವಿಡಿಯೋ ನೋಡಿ ಬಂದಿರೋ ನಂಬಿಕೆ. ಬ್ರಿಟನ್ನಲ್ಲಿ ಮುಂದಿನ ಸೈಡ್ ಗ್ಲಾಸಿಗೆ 70% ಇರ್ಬೇಕು, ಹಿಂದಿನದಕ್ಕೆ ಮಿತಿನೇ ಇಲ್ಲ, ಅಮೆರಿಕದ ಎಷ್ಟೋ ರಾಜ್ಯಗಳಲ್ಲೂ ದೊಡ್ಡ ಗಾಡಿಗಳ ಹಿಂಭಾಗ ಕಂಪನಿಯಿಂದಲೇ ಕಪ್ಪಾಗಿ ಬರತ್ತೆ. ಅದೇ ಗಾಡಿ ಇಲ್ಲಿ ತಿಳಿ ಗ್ಲಾಸಲ್ಲಿ ಬರೋದು ಇದೇ ನಿಯಮಕ್ಕೆ.

ಈಗ ಅಸಲಿ ವಿಷ್ಯ, ನಮ್ಮ ಊರಿನ ಬೆಳಕು. ಜೂನಿಂದ ಸೆಪ್ಟೆಂಬರ್ ತನಕ ಆಗುಂಬೆ ಸುತ್ತಮುತ್ತ ಹಗಲಲ್ಲೇ ಹೆಡ್‌ಲೈಟ್ ಹಾಕ್ಕೊಂಡು ಹೋಗ್ತೀವಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳೋ ಜಾಗ ಅದು. ಹುಲಿಕಲ್ ಘಾಟಿಲಿ ಮಂಜು ಇಳಿದ್ರೆ ಮುಂದಿನ ತಿರುವೇ ಕಾಣಲ್ಲ. ಮರದ ನೆರಳು, ಮೋಡ, ಮಳೆ, ಗ್ಲಾಸ್ ಮೇಲೆ ಆವಿ, ಇಷ್ಟೆಲ್ಲ ಆದ್ಮೇಲೆ ಉಳಿದಿರೋ ಚೂರು ಬೆಳಕಿಗೂ ನೀವೇ ದುಡ್ಡು ಕೊಟ್ಟು ಅಡ್ಡ ಇಡ್ತೀರಿ. ಎಲ್ಲಕ್ಕಿಂತ ಕಷ್ಟ ರಿವರ್ಸಲ್ಲಿ. ತೋಟದ ಮನೆ ದಾರಿಲಿ ಒಂದ್ಕಡೆ ಧರೆ, ಇನ್ನೊಂದ್ಕಡೆ ಚರಂಡಿ, ಎದುರಿಗೆ ಅಡಿಕೆ ಲೋಡಿನ ಪಿಕಪ್ ಬಂತು ಅಂದ್ರೆ ಹಿಂದಕ್ಕೆ ಹೋಗೋದು ನೀವೇ, ಸಂಜೆ ಆರೂವರೆಗೆ ಮಳೇಲಿ ಕಪ್ಪು ಗ್ಲಾಸಲ್ಲಿ ಎಂತ ಕಾಣತ್ತೆ ಹೇಳಿ. ಕ್ಯಾಮ್ರಾ ಇದೆಯಲ್ಲ ಅಂತೀರಿ, ಕೆಸರು ರೋಡಲ್ಲಿ ನಾಲ್ಕು ಕಿಲೋಮೀಟರ್ ಹೋದ್ರೆ ಕ್ಯಾಮ್ರಾ ಲೆನ್ಸಿಗೆ ಪೂರ್ತಿ ಕೆಂಪು ಮಣ್ಣು ಮೆತ್ಕೊಂಡಿರತ್ತೆ.

ಸೆಕೆ ವಿಚಾರಕ್ಕೆ ಬರಣ, ಶಿವಮೊಗ್ಗ ಪೇಟೇಲಿ ಏಪ್ರಿಲ್ ಮೇನಲ್ಲಿ ಕಾರ್ ಒಳಗೆ ಕೂರಕ್ಕಾಗಲ್ಲ ಅನ್ನೋದು ನಿಜ. ಆದ್ರೆ ಕಪ್ಪು ಜಾಸ್ತಿ ಇದ್ದಷ್ಟೂ ತಂಪು ಜಾಸ್ತಿ ಅನ್ನೋದು ತಪ್ಪು ಲೆಕ್ಕ. ಬಿಸಿಲಲ್ಲಿ ಬರೋ ಶಾಖದಲ್ಲಿ ಹತ್ರಹತ್ರ ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಬರೀ ಬಣ್ಣ ಹಾಕಿದ ಅಗ್ಗದ ಪೇಪರ್ ಕಾಣೋ ಬೆಳಕನ್ನ ತಡೆಯತ್ತೆ, ಇದನ್ನ ಅಷ್ಟಾಗಿ ತಡೆಯಲ್ಲ, ಜೊತೆಗೆ ಹೀರ್ಕೊಂಡ ಬಿಸೀನ ಸ್ವಲ್ಪ ಒಳಗೇ ಬಿಡತ್ತೆ. ಎರಡು ಮೂರು ಬೇಸಿಗೆ ಕಳೆದ್ರೆ ನೇರಳೆ ಬಣ್ಣಕ್ಕೆ ತಿರುಗಿ ಗುಳ್ಳೆ ಬೇರೆ ಬರತ್ತೆ. ಇನ್ನೊಂದು ಸಂಗತಿ ಗಮನಿಸಿ, ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಇರ್ತಾನೆ. ಆಗ ಕಾಯೋದು ಮುಖ್ಯವಾಗಿ ಟಾಪು, ಮತ್ತೆ ಓರೆಯಾಗಿ ಮಲಗಿರೋ ಮುಂದಿನ ಗ್ಲಾಸು. ಹಿಂದಿನ ಬಾಗ್ಲ ಗ್ಲಾಸಿಗೆ ಪೇಪರ್ ಹಾಕಿ ಅದಕ್ಕೆ ಏನೂ ಪ್ರಯೋಜನ ಇಲ್ಲ.

ಹಾಗಾಗಿ ನಿಲ್ಸೋವಾಗ ಮುಂದಿನ ಗ್ಲಾಸಿಗೆ ಬೆಳ್ಳಿ ಬಣ್ಣದ ಮಡಚೋ ಸನ್‌ಶೇಡ್ ಇಡಿ, ನಾನು ಕಂಡ ಹಾಗೆ ಇಷ್ಟು ಕಮ್ಮಿ ಖರ್ಚಲ್ಲಿ ಇಷ್ಟು ಉಪಯೋಗ ಬೇರೆ ಯಾವ ಆಕ್ಸೆಸರಿಲೂ ಇಲ್ಲ. ಮಧ್ಯಾಹ್ನದ ಮೇಲೆ ನಿಲ್ಸೋದಾದ್ರೆ ಕಾರಿನ ಬೆನ್ನು ಪಡುವಣಕ್ಕೆ ಇರ್ಲಿ, ಮೂತಿ ಬೇಡ. ವಾಪಸ್ ಬಂದಾಗ ಹತ್ತಿದ ತಕ್ಷಣ ಎಸಿ ಫುಲ್ ಇಟ್ಕೊಂಡು ಬೇಯ್ಕೊಂಡು ಕೂರ್ಬೇಡಿ, ನಾಲ್ಕೂ ಗ್ಲಾಸ್ ಇಳ್ಸಿ ಗೋಪಿ ಸರ್ಕಲ್ ದಾಟೋವರೆಗೆ ಹಾಗೇ ಓಡ್ಸಿ, ಒಳಗಿನ ಬಿಸಿ ಗಾಳಿ ಹೊರಗೆ ಹೋಗ್ಲಿ, ಆಮೇಲೆ ಗ್ಲಾಸ್ ಏರ್ಸಿ ಎಸಿ ಹಾಕಿ ಒಳಗಿನ ಗಾಳೀನೇ ತಿರುಗಿಸೋ ರೀಸರ್ಕುಲೇಶನ್ ಬಟನ್ ಒತ್ತಿ. ಮಳೆಗಾಲದಲ್ಲಿ ಇದಕ್ಕೆ ಉಲ್ಟಾ, ಎಸಿ ಇರ್ಲಿ ಆದ್ರೆ ಹೊರಗಿನ ಗಾಳಿ ಬರ್ಲಿ, ಇಲ್ದಿದ್ರೆ ಐದು ಜನರ ಉಸಿರಿಗೆ ಒದ್ದೆ ಬಟ್ಟೆಗೆ ಗ್ಲಾಸೆಲ್ಲ ಮಬ್ಬಾಗತ್ತೆ.

ಇಷ್ಟಾದ್ರೂ ಸಾಲಲ್ಲ ಅನ್ನೋರು ಗ್ಲಾಸನ್ನೇ ನೋಡಿ. ಪ್ರತಿ ಗ್ಲಾಸಿನ ಮೂಲೇಲಿ ಸಣ್ಣ ಅಕ್ಷರದ ಗುರುತು ಇರತ್ತೆ, ತಯಾರಿಸಿದೋರ ಹೆಸ್ರು, ಐಎಸ್ 2553 (ಸೇಫ್ಟಿ ಗ್ಲಾಸಿನ ಭಾರತೀಯ ಮಾನದಂಡದ ನಂಬರ್) ಅಂತ. ತಿಳಿ ಹಸಿರು ಛಾಯೆ ಇರೋ, ನೇರಳಾತೀತ ಕಿರಣ ತಡೆಯೋ ಯುವಿ ಕಟ್ ಗ್ಲಾಸುಗಳು ಈಗ ಸಾಮಾನ್ಯ, ನಿಮ್ಮ ಕಾರಿನ ಕಮ್ಮಿ ಮಾಡೆಲಲ್ಲಿ ಅದು ಇಲ್ದೇ ಇದ್ರೆ ಮೇಲಿನ ಮಾಡೆಲಿನ ಸೈಡ್ ಗ್ಲಾಸನ್ನ ಕಂಪನಿ ಸರ್ವಿಸಲ್ಲಿ ಕೇಳಿ ಹಾಕಿಸ್ಬಹುದು. ಬಣ್ಣ ಗ್ಲಾಸಿನೊಳಗೇ ಇದ್ದು ಮಿತಿಯೊಳಗಿದ್ರೆ ತೊಂದ್ರೆ ಇಲ್ಲ, ಕೋರ್ಟ್ ಬೇಡ ಅಂದಿದ್ದು ಮೇಲಿಂದ ಅಂಟಿಸೋದಕ್ಕೆ.

ರಾತ್ರಿ ಹಿಂದಿನ ಲಾರಿ ಲೈಟ್ ಕಣ್ಣಿಗೆ ಹೊಡೆಯತ್ತೆ ಅನ್ನೋರು ಒಳಗಿನ ಕನ್ನಡಿ ಕೆಳಗೆ ಒಂದು ಸಣ್ಣ ನಾಲಿಗೆ ತರದ್ದು ಇದ್ಯಲ್ಲ ಅದನ್ನ ಎಳೀರಿ, ಮುಗೀತು. ಎಷ್ಟೋ ವರ್ಷ ಗಾಡಿ ಓಡ್ಸಿದೋರಿಗೂ ಅದು ಯಾಕಿದೆ ಅಂತ ಗೊತ್ತಿರಲ್ಲ ಮಾರಾಯ್ರೆ.

ಮಕ್ಳಿಗೆ, ಹಾಲು ಕುಡ್ಸೋ ತಾಯಂದ್ರಿಗೆ ಬಲೆ ತರದ ಶೇಡ್ ಸಿಗತ್ತೆ, ಗಾಡಿ ನಿಲ್ಸಿದಾಗ ಹಾಕ್ಕೊಳ್ಳಿ, ಹೊರಡೋವಾಗ ತೆಗೀರಿ, ಓಡೋ ಗಾಡಿಲಿ ಅದನ್ನೂ ಪೊಲೀಸರು ಕೇಳ್ತಾರೆ. ಡಿಕ್ಕಿ ಸಾಮಾನಿಗೆ ಮೇಲೆ ಮುಚ್ಚೋ ಹಲಗೆ, ಅಂದ್ರೆ ಪಾರ್ಸೆಲ್ ಟ್ರೇ ಸಾಕು, ದೊಡ್ಡ ಗಾಡಿಗಾದ್ರೆ ಎಳೆದು ಮುಚ್ಚೋ ಕವರ್. ಇನ್ನು ಘಾಟಿಲಿ ವಾಂತಿ ಮಾಡೋರು ಪ್ರತಿ ಮನೇಲೂ ಒಬ್ರು ಇರ್ತಾರಲ್ಲ, ಆಗುಂಬೆಯ 14 ತಿರುವಲ್ಲಿ ಅವರು ಹೊರಗೆ ದೂರ ನೋಡ್ತಾ ಕೂತ್ರೆ ಸ್ವಲ್ಪ ತಡ್ಕೋತಾರೆ, ಕಪ್ಪು ಗ್ಲಾಸ್ ಒಳಗೆ ಕೂರ್ಸಿದ್ರೆ ನಿಂಬೆಹಣ್ಣು, ಕವರ್ ಎರಡೂ ರೆಡಿ ಇಟ್ಕೊಳ್ಳಿ.

ಲುಕ್ ಬಗ್ಗೆ ಕೇಳಿದ್ರೆ, ಕಪ್ಪು ಅಥವಾ ಗಾಢ ಬಣ್ಣದ ದೊಡ್ಡ ಗಾಡಿಗೆ ಹಿಂದಿನ ಗ್ಲಾಸ್ ಕಪ್ಪಿದ್ರೆ ಚೆನ್ನಾಗೇ ಕಾಣತ್ತೆ, ಸುಳ್ಳು ಹೇಳಲ್ಲ. ಆದ್ರೆ ಬಿಳಿ ಸಣ್ಣ ಕಾರಿಗೆ ಹಿಂದೆ ಮಾತ್ರ ಕಪ್ಪು ಹೊಡ್ಸಿದ್ರೆ ಕಣ್ಣಿನ ಪೊರೆ ಆಪರೇಷನ್ ಆದೋರ ಕನ್ನಡಕದ ತರ ಕಾಣತ್ತೆ ನಂಗೆ. ಅದೇ ದುಡ್ಡಲ್ಲಿ ಒಳ್ಳೆ ವೈಪರ್ ಬ್ಲೇಡ್ ಹಾಕ್ಸಿ ಗ್ಲಾಸ್ ಒಳಗೂ ಹೊರಗೂ ಕ್ಲೀನಾಗಿಟ್ರೆ ಗಾಡಿ ಅಂದ ತಾನೇ ಬರತ್ತೆ.

ಸೆಕೆಂಡ್ ಹ್ಯಾಂಡ್ ಕಾರಲ್ಲಿ ಆಗ್ಲೇ ಪೇಪರ್ ಇದ್ರೆ ಮನೇಲೇ ತೆಗೀಬಹುದು. ಬಿಸಿಲು ಇರೋ ದಿನ ನೋಡ್ಕೊಳ್ಳಿ, ಮಳೆಗಾಲದಲ್ಲಾದ್ರೆ ಹೇರ್ ಡ್ರೈಯರ್ ಬೇಕು. ಬಾಗ್ಲ ಮೇಲೆ, ಹಿಂದಿನ ಸ್ಪೀಕರ್ ಮೇಲೆ ಹಳೇ ಟವಲ್ ಹಾಸಿ, ಪವರ್ ವಿಂಡೋ ಸ್ವಿಚ್‌ಗೆ ನೀರು ಇಳೀಬಾರ್ದು. ಸೈಡ್ ಗ್ಲಾಸನ್ನ ಒಂದು ಬೆರಳಷ್ಟು ಇಳ್ಸಿ, ಮೇಲಿನ ಅಂಚನ್ನ ಬಿಸಿ ಮಾಡಿ ಉಗುರಲ್ಲಿ ಎಬ್ಬಿಸಿ, ನಿಧಾನ ಕೆಳಕ್ಕೆ ಎಳೀರಿ, ಅವಸರ ಮಾಡಿದ್ರೆ ಫಿಲ್ಮ್ ಬರತ್ತೆ ಗಮ್ಮು ಅಲ್ಲೇ ಉಳಿಯತ್ತೆ. ಉಳಿದ ಗಮ್ಮಿಗೆ ಸೋಪ್ ನೀರು ಚಿಮುಕ್ಸಿ, ಸ್ವಲ್ಪ ಹೊತ್ತು ನೆನೀಲಿ, ಆಮೇಲೆ ಬ್ಲೇಡನ್ನ ಮಲಗಿಸಿ ಹಿಡ್ದು ಹೆರೀರಿ.

ಹಿಂದಿನ ದೊಡ್ಡ ಗ್ಲಾಸಿಗೆ ಮಾತ್ರ ಬ್ಲೇಡ್ ಮುಟ್ಟಿಸ್ಲೇಬೇಡಿ. ಅಲ್ಲಿ ಅಡ್ಡಡ್ಡ ತೆಳು ಗೆರೆ ಇದ್ರೆ ಅವು ಗ್ಲಾಸ್ ಬಿಸಿ ಮಾಡಿ ಮಬ್ಬು ತೆಗೆಯೋ ಡಿಫಾಗರ್ ತಂತಿಗಳು, ಒಂದು ಕಡೆ ಕಿತ್ಹೋದ್ರೆ ಆ ಗೆರೆ ಬಿಸಿ ಆಗಲ್ಲ, ನಮ್ಮ ಮಳೆಗಾಲಕ್ಕೆ ಅದಿಲ್ದೇ ಆಗಲ್ಲ. ಹೊರಗಡೆಯಿಂದ ಕಪ್ಪು ಪ್ಲಾಸ್ಟಿಕ್ ಹೊದ್ಸಿ, ಒಳಗಡೆ ಫಿಲ್ಮ್ ಮೇಲೆ ಸೋಪ್ ನೀರು ಹಚ್ಚಿ ಇನ್ನೊಂದು ಪ್ಲಾಸ್ಟಿಕ್ ಅಂಟ್ಸಿ, ಒಂದೆರಡು ಗಂಟೆ ಬಿಸಿಲಿಗೆ ಬಿಡಿ. ಆಮೇಲೆ ಗೆರೆ ಹೋದ ದಿಕ್ಕಲ್ಲೇ, ಅಂದ್ರೆ ಅಡ್ಡಕ್ಕೆ, ನಿಧಾನ ಎಳೀರಿ. ಉಳಿದ ಗಮ್ಮನ್ನ ಮೆತ್ತಗಿನ ಬಟ್ಟೆ, ಸೋಪ್ ನೀರಲ್ಲಿ ಅದೇ ದಿಕ್ಕಲ್ಲಿ ಉಜ್ಜಿ. ಗ್ಲಾಸ್ ಪೂರ್ತಿ ಒಣಗಿದ್ಮೇಲೆ ಡಿಫಾಗರ್ ಆನ್ ಮಾಡಿ ಗ್ಲಾಸ್ ಮೇಲೆ ಉಸಿರು ಬಿಟ್ಟು ನೋಡಿ, ಯಾವ ಗೆರೆ ಹತ್ರ ಆವಿ ಹಾಗೇ ನಿಲ್ಲತ್ತೋ ಅದು ಕಟ್ಟಾಗಿದೆ ಅಂತ. ಅದನ್ನ ಸರಿ ಮಾಡೋ ಬೆಳ್ಳಿ ಪೇಂಟ್ ಸಣ್ಣ ಬಾಟಲೀಲಿ ಸಿಗತ್ತೆ.