ಮಕ್ಕಳು ಕೈ ಮೀರಿದಾಗ: ನ್ಯೂಯಾರ್ಕ್ ಫ್ಯಾಮಿಲಿ ಕೋರ್ಟ್‌ಗೆ ಹೋಗುವ ಮುಂಚೆ

ಅಮೆರಿಕಕ್ಕೆ ಹೊಸದಾಗಿ ಬಂದವರು ನಮ್ಮ ಕನ್ನಡ ಕೂಟದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವ ಸ್ಕೂಲ್ ಒಳ್ಳೆಯದು, ಒಳ್ಳೇ ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಡ್ರೈವಿಂಗ್ ಲೈಸೆನ್ಸ್ ಹೇಗೆ ಮಾಡಿಸುವುದು. ಮಕ್ಕಳು ಮಾತು ಮೀರಿದರೆ ಏನು ಮಾಡಬೇಕು ಎಂದು ಮೊದಲೇ ಯಾರೂ ಕೇಳುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ರಾತ್ರಿ ಫೋನ್ ಬರುತ್ತದೆ. "ಅಕ್ಕಾ, ಹುಡುಗ ನಿನ್ನೆಯಿಂದ ಮನೆಗೆ ಬಂದಿಲ್ಲ. ದಯವಿಟ್ಟು ಯಾರಿಗೂ ಹೇಳಬೇಡಿ."

ಆ ರಾತ್ರಿ ಓದುವುದಕ್ಕಲ್ಲ, ಅದಕ್ಕಿಂತ ಮುಂಚೆಯೇ ಓದಿ ಇಟ್ಟುಕೊಳ್ಳಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಗು ಕಾಣೆಯಾಗಿದ್ದರೆ ಮೊದಲು ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. 24 ಗಂಟೆ ಕಾಯಬೇಕು ಎಂಬ ಮಾತು ಸುಳ್ಳು. ಮಕ್ಕಳು ಕಾಣೆಯಾದರೆ ಪೊಲೀಸರು ದೂರು ತೆಗೆದುಕೊಳ್ಳಲು ಕಾಯಿಸುವಂತಿಲ್ಲ ಎಂದು ಅಮೆರಿಕದ ಕೇಂದ್ರ ಕಾನೂನೇ ಹೇಳುತ್ತದೆ. ಸಾಯುವ ಮಾತಾಡಿದರೆ, ಕೈ ಕುಯ್ದುಕೊಂಡಿದ್ದು ಕಂಡರೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಿ. ಅಂಥ ಹೊತ್ತಿನಲ್ಲಿ ಕೋರ್ಟ್ ವಿಚಾರ ಬೇಡ, ಮಗು ಉಳಿಯುವುದು ಮುಖ್ಯ.

ಪಿನ್ಸ್ ಎಂದರೆ ಏನು

ನ್ಯೂಯಾರ್ಕ್ ರಾಜ್ಯದಲ್ಲಿ "ಪರ್ಸನ್ ಇನ್ ನೀಡ್ ಆಫ್ ಸೂಪರ್‌ವಿಷನ್" ಎಂಬ ಒಂದು ವರ್ಗವಿದೆ. ಎಲ್ಲರೂ ಚಿಕ್ಕದಾಗಿ ಪಿನ್ಸ್ ಅನ್ನುತ್ತಾರೆ. 1962ರ ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲೇ ಇದು ಬಂತು. 18 ವರ್ಷ ತುಂಬದ ಹುಡುಗ ಅಥವಾ ಹುಡುಗಿ ಸ್ಕೂಲಿಗೆ ಸರಿಯಾಗಿ ಹೋಗುತ್ತಿಲ್ಲ, ಮನೆ ಬಿಟ್ಟು ಓಡುತ್ತಾರೆ, ಅಪ್ಪ ಅಮ್ಮನ ಮಾತಿಗೆ ಬಗ್ಗುವುದೇ ಇಲ್ಲ. ನಮ್ಮಲ್ಲಿ "ಕೈ ಮೀರಿ ಹೋಗಿದ್ದಾನೆ" ಅನ್ನುತ್ತೇವಲ್ಲ, ಕಾನೂನು ಹೇಳುವುದೂ ಅದನ್ನೇ. ಇದು ಅಪರಾಧವಲ್ಲ. ಕಳ್ಳತನ, ಹೊಡೆದಾಟ ಇಂಥವು ಬೇರೆ ದಾರಿಯಲ್ಲಿ ಹೋಗುತ್ತವೆ. ಪಿನ್ಸ್ ತೀರ್ಪು ಬಂದರೂ ಅದನ್ನು ಶಿಕ್ಷೆಯಾದ ಕೇಸ್ ಅನ್ನುವಂತಿಲ್ಲ, ಮಗುವನ್ನು ಅಪರಾಧಿ ಎಂದು ಕರೆಯುವಂತಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಮೊದಲು ಈ ಕಾನೂನಿನಲ್ಲಿ ಹುಡುಗರಿಗೆ 16ರ ಮಿತಿ, ಹುಡುಗಿಯರಿಗೆ 18ರ ಮಿತಿ ಇತ್ತು. ಹೆಣ್ಣುಮಕ್ಕಳ ಮೇಲೆ ಎರಡು ವರ್ಷ ಜಾಸ್ತಿ ಕಾವಲು. 1972ರಲ್ಲಿ ರಾಜ್ಯದ ಅತಿ ದೊಡ್ಡ ಕೋರ್ಟ್ ಈ ತಾರತಮ್ಯ ತೆಗೆದುಹಾಕಿತು. ಈಗಿರುವ 18ರ ಮಿತಿ ಇಬ್ಬರಿಗೂ 2002ರಿಂದ ಬಂದದ್ದು. ಇದನ್ನು ಹೇಳಲು ಕಾರಣವಿದೆ. ನಮ್ಮ ಮನೆಗಳಲ್ಲಿ ಇವತ್ತಿಗೂ ಮಗ ರಾತ್ರಿ ಹತ್ತಕ್ಕೆ ಬಂದರೆ ಸರಿ, ಮಗಳು ಎಂಟಕ್ಕೆ ಬಂದರೂ ಜಗಳ. "ಹುಡುಗರ ಜೊತೆ ಮಾತಾಡುತ್ತಾಳೆ" ಎಂಬ ದೂರು ಹಿಡಿದುಕೊಂಡು ಹೋದರೆ ಇಲ್ಲಿನ ಜಡ್ಜ್ ಅದನ್ನು ನಿಮ್ಮ ಕಣ್ಣಿನಿಂದ ನೋಡುವುದಿಲ್ಲ.

ಮೊದಲ ಬಾಗಿಲು ಕೋರ್ಟ್ ಅಲ್ಲ

ತುಂಬಾ ಜನರಿಗೆ ಗೊತ್ತಿಲ್ಲದ್ದು ಇದು. ನೇರವಾಗಿ ಕೋರ್ಟ್‌ಗೆ ಹೋಗಿ ಪಿಟಿಷನ್ ಹಾಕುತ್ತೇನೆ ಎಂದರೆ ಕ್ಲರ್ಕ್ ತೆಗೆದುಕೊಳ್ಳುವುದಿಲ್ಲ. ಮೊದಲು "ಡೈವರ್ಷನ್" ಆಗಬೇಕು. ಅಂದರೆ ಕೋರ್ಟ್ ಮೆಟ್ಟಿಲು ಹತ್ತದೆ ಮನೆಯ ಸಮಸ್ಯೆ ಬಗೆಹರಿಸುವ ಪ್ರಯತ್ನ. ಆ ಪ್ರಯತ್ನ ನಿಜವಾಗಿ ನಡೆಯಿತು, ಇನ್ನು ಮುಂದುವರಿಸಿ ಪ್ರಯೋಜನವಿಲ್ಲ ಎಂಬ ಕಾಗದ ಬೇಕು.

ನ್ಯೂಯಾರ್ಕ್ ನಗರದಲ್ಲಿ ಇದನ್ನು ನೋಡಿಕೊಳ್ಳುವುದು ಎಸಿಎಸ್ ಎಂಬ ಮಕ್ಕಳ ಇಲಾಖೆಯ ಫ್ಯಾಮಿಲಿ ಅಸೆಸ್‌ಮೆಂಟ್ ಪ್ರೋಗ್ರಾಂ. ಎಲ್ಲರೂ ಫ್ಯಾಪ್ ಅನ್ನುತ್ತಾರೆ. ನಗರದ ಮಾಹಿತಿ ಸಂಖ್ಯೆ 311ಕ್ಕೆ ಫೋನ್ ಮಾಡಿ ಅದರ ಹೆಸರು ಹೇಳಿದರೆ ನಿಮ್ಮ ಬರೋ, ಅಂದರೆ ನಗರದ ನಿಮ್ಮ ಭಾಗದ ಕಚೇರಿ ಯಾವುದು ಎಂದು ಹೇಳುತ್ತಾರೆ. ನಗರದ ಹೊರಗೆ, ಲಾಂಗ್ ಐಲೆಂಡ್ ಅಥವಾ ವೆಸ್ಟ್‌ಚೆಸ್ಟರ್‌ನಂಥ ಕಡೆ, ಕೌಂಟಿಯ ಪ್ರೊಬೇಷನ್ ಇಲಾಖೆಯನ್ನೋ ಸೋಷಿಯಲ್ ಸರ್ವಿಸಸ್ ಇಲಾಖೆಯನ್ನೋ ಕೇಳಬೇಕು.

ಎಸಿಎಸ್ ಹೆಸರು ಕೇಳಿದರೆ ನಮ್ಮವರು ಬೆಚ್ಚಿಬೀಳುತ್ತಾರೆ. "ಮಕ್ಕಳನ್ನು ಎತ್ತಿಕೊಂಡು ಹೋಗುವವರು ಅಲ್ವಾ?" ಫ್ಯಾಪ್‌ಗೆ ನೀವಾಗಿ ಹೋಗುವುದು ಮಕ್ಕಳ ಮೇಲಿನ ದೌರ್ಜನ್ಯದ ತನಿಖೆ ಅಲ್ಲ. ದುಡ್ಡು ಕೊಡಬೇಕಿಲ್ಲ. ವೀಸಾ ಯಾವುದು, ಗ್ರೀನ್ ಕಾರ್ಡ್ ಇದೆಯಾ ಇಲ್ಲವಾ ಎಂಬುದರ ಮೇಲೆ ಸಹಾಯ ನಿಂತಿಲ್ಲ. ಆದರೆ ಒಂದು ವಿಷಯ ಮುಚ್ಚಿಡುವುದಿಲ್ಲ. ಅಲ್ಲಿನ ಸೋಷಿಯಲ್ ವರ್ಕರ್‌ಗಳು, ಹಾಗೆಯೇ ಸ್ಕೂಲಿನ ಟೀಚರ್‌ಗಳು, ಡಾಕ್ಟರ್‌ಗಳು, ಮಗುವಿಗೆ ಹೊಡೆತ ಬಿದ್ದ ಗುರುತು ಕಂಡರೆ ವರದಿ ಮಾಡಲೇಬೇಕು. ಅದು ಕಾನೂನು. ಬೆಲ್ಟಿನಲ್ಲಿ ಹೊಡೆದು ಬುದ್ಧಿ ಕಲಿಸುತ್ತೇನೆ ಎಂದು ಹೊರಟರೆ ಕೇಸ್ ಮಗುವಿನ ಬಗ್ಗೆ ಇರುವುದಿಲ್ಲ, ನಿಮ್ಮ ಬಗ್ಗೆ ಆಗುತ್ತದೆ. ಕಾನೂನು ಹಾಗಿರಲಿ, ಹೊಡೆತದಿಂದ ಹದಿನೈದರ ಹುಡುಗ ಮನೆಗೆ ವಾಪಸ್ ಬಂದದ್ದನ್ನು ನಾನು ಒಂದು ಸಲವೂ ನೋಡಿಲ್ಲ.

ಫ್ಯಾಪ್‌ನವರು ಅಪ್ಪ ಅಮ್ಮನ ಜೊತೆ, ಮಗುವಿನ ಜೊತೆ ಕೂತು ಮಾತಾಡುತ್ತಾರೆ. ಆಮೇಲೆ ಕೌನ್ಸೆಲಿಂಗ್ ಗೊತ್ತು ಮಾಡುತ್ತಾರೆ. ಕೆಲವು ಬಗೆಯಲ್ಲಿ ಥೆರಪಿಸ್ಟ್ ಮನೆಗೇ ಬರುತ್ತಾರೆ, ತಿಂಗಳುಗಟ್ಟಲೆ. ಮನೆಯೊಳಗೆ ಪರರು ಬಂದು ಕೂರುವುದು ನಮಗೆ ಕಷ್ಟ, ನಿಜ. ಆದರೂ ಒಪ್ಪಿಕೊಳ್ಳಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಪ್ಪ ಮಗ ಏಳು ತಿಂಗಳಿಂದ ಮಾತೇ ಆಡಿರಲಿಲ್ಲ. ಹುಡುಗ ಒಂಬತ್ತನೇ ಕ್ಲಾಸಿಗೆ ಬೆಂಗಳೂರಿನಿಂದ ಬಂದವನು. ಅಲ್ಲಿ ಕ್ಲಾಸಿಗೇ ಮೊದಲು, ಇಲ್ಲಿ ಅವನ ಇಂಗ್ಲಿಷ್‌ಗೆ ನಗುತ್ತಿದ್ದರು. ಸ್ಕೂಲ್ ತಪ್ಪಿಸಲು ಅದೇ ಕಾರಣ. ಅದನ್ನು ಅವನು ಮೊದಲು ಹೇಳಿದ್ದು ಥೆರಪಿಸ್ಟ್ ಎದುರು. ಅಪ್ಪ ಅವತ್ತು ತುಂಬಾ ಅತ್ತರು. ಅವರ ಕೇಸ್ ಕೋರ್ಟ್ ತನಕ ಹೋಗಲೇ ಇಲ್ಲ.

ಸ್ಕೂಲಿನ ಮಾತು ಬಂತು, ಕೆಲವು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರಾಜ್ಯದಲ್ಲಿ 16ರವರೆಗೆ ಸ್ಕೂಲ್ ಕಡ್ಡಾಯ, ನ್ಯೂಯಾರ್ಕ್ ನಗರದಲ್ಲಿ 17ರವರೆಗೆ. ಸ್ಕೂಲಿನವರೂ ಪಿನ್ಸ್ ಪಿಟಿಷನ್ ಹಾಕಬಹುದು. ಅಣ್ಣನ ಮಗಳ ಮದುವೆ ಎಂದು ಟರ್ಮ್ ಮಧ್ಯೆ ಒಂದು ತಿಂಗಳು ಊರಿಗೆ ಹೋದರೆ ಅದೂ ಗೈರುಹಾಜರಿಯೇ, ಮೊದಲೇ ಸ್ಕೂಲಿಗೆ ತಿಳಿಸಿ. ಓದಿನಲ್ಲಿ, ಗಮನದಲ್ಲಿ ತೊಂದರೆ ಇರಬಹುದು ಅನ್ನಿಸಿದರೆ ಪರೀಕ್ಷಿಸಿ ಎಂದು ಸ್ಕೂಲಿಗೆ ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಕೇಳಿದ್ದು ಎಲ್ಲೋ ಕಳೆದುಹೋಗುತ್ತದೆ.

ಕೋರ್ಟ್‌ಗೆ ಹೋಗಲೇಬೇಕಾದರೆ

ಡೈವರ್ಷನ್ ಫಲಿಸದಿದ್ದರೆ ಪಿಟಿಷನ್ ಹಾಕಬಹುದು. ಫ್ಯಾಮಿಲಿ ಕೋರ್ಟ್‌ನಲ್ಲಿ ಫೀಸ್ ಇಲ್ಲ. ಕ್ವೀನ್ಸ್‌ನಲ್ಲಿ ಇರುವವರಿಗೆ ಜಮೈಕಾ ಅವೆನ್ಯೂದ ಕಟ್ಟಡ. ಬಾಗಿಲಲ್ಲಿ ಏರ್‌ಪೋರ್ಟ್ ಥರ ತಪಾಸಣೆ, ಒಳಗೆ ಗಂಟೆಗಟ್ಟಲೆ ಕಾಯುವುದು. ಆವತ್ತು ಪೂರ್ತಿ ರಜೆ ಹಾಕಿ.

ಸಹಿ ಹಾಕುವ ಮುಂಚೆ ಒಂದು ಮಾತು ಮನಸ್ಸಿನಲ್ಲಿ ಇಡಿ. ಈ ಕೇಸ್ ನಿಮ್ಮ ಮಗುವಿನ ವಿರುದ್ಧ ಇರುತ್ತದೆ. "ಜಡ್ಜ್ ಸುಮ್ನೆ ಒಂದು ಸಲ ಗದರಿಸಲಿ" ಎಂದು ಹೋಗುವವರಿದ್ದಾರೆ. ಕೋರ್ಟ್ ಹಾಗೆ ನಡೆಯುವುದಿಲ್ಲ. ಒಮ್ಮೆ ಶುರುವಾದರೆ ಮುಂದೇನು ಎಂದು ತೀರ್ಮಾನಿಸುವವರು ಜಡ್ಜ್, ನೀವಲ್ಲ.

ಮಗುವಿಗೆ ಕೋರ್ಟೇ ವಕೀಲರನ್ನು ಕೊಡುತ್ತದೆ. ನಗರದಲ್ಲಿ ಹೆಚ್ಚಾಗಿ ಲೀಗಲ್ ಏಡ್ ಸೊಸೈಟಿಯವರು ಇರುತ್ತಾರೆ. ಅವರು ನಿಮ್ಮ ವಕೀಲರಲ್ಲ. ಮಗು ಏನು ಬಯಸುತ್ತದೋ ಅದನ್ನೇ ವಾದಿಸುತ್ತಾರೆ, ಮಗು ಹೇಳಿದ್ದನ್ನು ನಿಮಗೆ ಹೇಳುವುದೂ ಇಲ್ಲ. ಇದಕ್ಕೆ ಸಿಟ್ಟಾಗಬೇಡಿ. ಮೊದಲ ವಿಚಾರಣೆಯಲ್ಲಿ ಪಿಟಿಷನ್‌ನಲ್ಲಿ ಬರೆದದ್ದು ನಿಜವೇ ಎಂದು ನೋಡುತ್ತಾರೆ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಹಾಗಾಗಿ ಯಾವ ದಿನ ಮನೆ ಬಿಟ್ಟ, ಎಷ್ಟು ದಿನ ಸ್ಕೂಲ್ ತಪ್ಪಿತು ಎಂದು ತಾರೀಖು ಹಾಕಿ ಬರೆದಿಡಿ. ಆಮೇಲಿನ ವಿಚಾರಣೆಯಲ್ಲಿ ಮುಂದೇನು ಮಾಡಬೇಕು ಎಂದು ತೀರ್ಮಾನ. ಎಚ್ಚರಿಕೆ ಕೊಟ್ಟು ಕಳಿಸಬಹುದು, ಒಂದು ವರ್ಷದವರೆಗೆ ಪ್ರೊಬೇಷನ್ ಹಾಕಬಹುದು, ಅಂದರೆ ಮನೆಯಲ್ಲೇ ಇದ್ದು ಅಧಿಕಾರಿಯ ನಿಗಾದಲ್ಲಿ ಇರುವುದು, ಕೊನೆಯ ದಾರಿಯಾಗಿ ಮನೆಯಿಂದ ಹೊರಗೆ ಇರಿಸಬಹುದು. 2020ರ ಜನವರಿಯಿಂದ ಪಿನ್ಸ್ ಮಕ್ಕಳನ್ನು ಡಿಟೆನ್ಷನ್‌ನಲ್ಲಿ, ಅಂದರೆ ಬಂಧನದಲ್ಲಿ ಇಡುವುದು ನಿಂತಿದೆ.

ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂದುಕೊಂಡರೂ ದುಭಾಷಿಯನ್ನು ಕೇಳಿ. ಅದೂ ಉಚಿತ. "ಇಂಡಿಯನ್ ಭಾಷೆ" ಅನ್ನಬೇಡಿ, ಹಿಂದಿಯವರು ಬಂದು ನಿಲ್ಲುತ್ತಾರೆ. "ಕನ್ನಡ" ಎಂದು ಬಿಡಿಸಿ ಹೇಳಿ, ಫಾರಂನಲ್ಲೂ ಬರೆಸಿ. ತಂಗಿಯನ್ನೋ ತಮ್ಮನನ್ನೋ ದುಭಾಷಿ ಮಾಡಬೇಡಿ.

ಮನೆಯಿಂದ ಆಚೆ ಹಾಕುತ್ತೇನೆ ಎಂದು ಸಿಟ್ಟಿನಲ್ಲೂ ಅನ್ನಬೇಡಿ. ನ್ಯೂಯಾರ್ಕ್‌ನಲ್ಲಿ ಮಕ್ಕಳನ್ನು ಸಾಕುವ ಹೊಣೆ 21ರವರೆಗೆ ಇರುತ್ತದೆ. ಇನ್ನು "ಊರಿಗೆ ಕಳಿಸಿಬಿಡೋಣ, ಅಜ್ಜಿ ಮನೆಯಲ್ಲಿ ಸರಿಹೋಗುತ್ತಾನೆ" ಎಂಬ ಮಾತು. ಮಗು ತಾನೇ ಒಪ್ಪಿ ಹೊರಟರೆ ಬೇರೆ. ಮೋಸ ಮಾಡಿ ವಿಮಾನ ಹತ್ತಿಸಿದರೆ ಅವನ ನಂಬಿಕೆ ಕಳೆದುಕೊಳ್ಳುತ್ತೀರಿ. ಎಪ್ಪತ್ತು ದಾಟಿದ ಅಜ್ಜಿಗೆ ಅವನ ಹಿಂದೆ ಓಡಲು ಆಗುತ್ತದಾ? ಕೇಸ್ ನಡೆಯುತ್ತಿದ್ದರಂತೂ ಮಗುವಿನ ವಕೀಲರಿಗೆ, ಕೋರ್ಟ್‌ಗೆ ತಿಳಿಸದೆ ಎಲ್ಲಿಗೂ ಕಳಿಸಬೇಡಿ. ವೀಸಾದ ಬಗ್ಗೆ ಭಯವಿದ್ದರೆ ಇಮಿಗ್ರೇಷನ್ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ.

ನ್ಯೂಜೆರ್ಸಿಯಲ್ಲಿ ಇರುವವರು ಇಲ್ಲಿನ ಹೆಸರುಗಳನ್ನು ಹುಡುಕಬೇಡಿ. ಅಲ್ಲಿ ಇದಕ್ಕೆ "ಜ್ಯೂವೆನೈಲ್-ಫ್ಯಾಮಿಲಿ ಕ್ರೈಸಿಸ್" ಅನ್ನುತ್ತಾರೆ, ನಿಯಮಗಳೂ ಬೇರೆ.

ಫ್ಯಾಪ್ ಕಚೇರಿಗೋ ಕೋರ್ಟ್‌ಗೋ ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಹೇಳಿ. ಕೂಟದಿಂದ ಒಬ್ಬರು ಜೊತೆಗೆ ಬರುತ್ತೇವೆ. ಸಲಹೆ ಕೊಡುವುದಕ್ಕಲ್ಲ, ಹೊರಗಿನ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂರುವುದಕ್ಕೆ. ನಿಮ್ಮ ಹೆಸರು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ. ಬರುವಾಗ ಮಗುವಿನ ಹುಟ್ಟಿದ ಪ್ರಮಾಣಪತ್ರ, ಸ್ಕೂಲಿನ ಹಾಜರಿ ಪಟ್ಟಿ, ಪೊಲೀಸ್ ವರದಿ ಇದ್ದರೆ ಅದರ ನಂಬರ್, ನೀವು ಬರೆದಿಟ್ಟ ತಾರೀಖುಗಳು, ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಕೊಂಡು ಬನ್ನಿ. ತಿನ್ನಲು ಏನಾದರೂ ಕಟ್ಟಿಕೊಳ್ಳಿ, ಮಗುವಿಗೂ ಸೇರಿಸಿ.