ಫ್ಲೂ ಮಹಾಮಾರಿಗೆ ಯೋಜನೆ: ಮೊದಲು ಬೀಗದ ಕೈ ಹುಡುಕಿ

ಫ್ಲೂ ಮಹಾಮಾರಿಗೆ ಯೋಜನೆ ಬರೆಯಲು ಕೂತವರು ಹಾಸಿಗೆ ಎಷ್ಟು, ಮಾಸ್ಕ್ ಎಷ್ಟು, ವೆಂಟಿಲೇಟರ್ ಎಷ್ಟು ಅಂತ ಶುರು ಮಾಡುತ್ತಾರೆ. ಮಾಡಲಿ, ಅದೂ ಬೇಕು. ಆದರೆ ಇಂಥ ಯೋಜನೆಗಳನ್ನು ತಿದ್ದುವುದೇ ನನ್ನ ಕೆಲಸ. ನಾನು ಮೊದಲು ಹುಡುಕುವ ಪುಟ ಬೇರೆ: ಮೂವರಲ್ಲಿ ಒಬ್ಬರು ಕೆಲಸಕ್ಕೆ ಬಾರದಿದ್ದರೆ ಏನು ಗತಿ? ಬಹಳ ಸಲ ಆ ಪುಟವೇ ಇರುವುದಿಲ್ಲ. ಸೋಂಕು ನರ್ಸನ್ನೂ ಬಿಡುವುದಿಲ್ಲ, ಆಂಬ್ಯುಲೆನ್ಸ್ ಡ್ರೈವರನ್ನೂ ಬಿಡುವುದಿಲ್ಲ. ಶಾಲೆ ಮುಚ್ಚಿದರೆ ಗಟ್ಟಿಮುಟ್ಟಾಗಿ ಇರುವವರೂ ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ.

ಹಾಗಾಗಿ, ನಿಲ್ಲಿಸಲಾಗದ ಕೆಲಸಗಳನ್ನು ಮೊದಲು ಬರೆಯಿರಿ. ಹೆರಿಗೆ, ಡಯಾಲಿಸಿಸ್, ಆಕ್ಸಿಜನ್, ಲ್ಯಾಬ್. ಪ್ರತಿಯೊಂದರ ಮುಂದೆ ಮೂರು ಹೆಸರು ಇರಲಿ. ಹುದ್ದೆ ಬರೆದರೆ ಸಾಲದು, ಹೆಸರು ಮತ್ತು ಫೋನ್ ನಂಬರ್ ಬೇಕು. ಮೂರನೆಯವರ ಕೈಯಲ್ಲಿ ಆ ಕೆಲಸವನ್ನು ಈಗಲೇ ಒಮ್ಮೆ ಮಾಡಿಸಿ.

ಆಮೇಲೆ ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಅಣಕು ಕಸರತ್ತು ನಡೆಸಿ. ನಾನು ಒಂದು ಚೀಟಿ ಕೊಡುತ್ತೇನೆ: "ಔಷಧಿ ಸ್ಟೋರಿನ ಬೀಗದ ಕೈ ಇಟ್ಟುಕೊಂಡವರಿಗೆ ಜ್ವರ. ಫೋನ್ ಎತ್ತುತ್ತಿಲ್ಲ." ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಇನ್ನೊಂದು ಕೀ ಇರಬೇಕಲ್ವಾ?" ಅಂತ ಯಾರೋ ಅನ್ನುತ್ತಾರೆ. ಅದನ್ನು ಉತ್ತರ ಅಂತ ಒಪ್ಪಬೇಡಿ. ಯಾರಾದರೂ ಎದ್ದು ಹೋಗಿ, ಆ ಕೀ ತಂದು ಮೇಜಿನ ಮೇಲೆ ಇಡಲಿ. ಸುಮ್ನೆ ಸತಾಯಿಸಲು ಹೇಳುತ್ತಿಲ್ಲ. ಫ್ಲೂಗೆ ಕೊಡುವ ಔಷಧಿ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ರೋಗಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ. ದೊಡ್ಡವರ ಚಿಕಿತ್ಸೆಗೆ ಸಾಮಾನ್ಯವಾಗಿ 75 ಮಿ.ಗ್ರಾಂ, ದಿನಕ್ಕೆ ಎರಡು ಸಲ, 5 ದಿನ. ಅಂದರೆ ಒಬ್ಬರಿಗೆ 10 ಕ್ಯಾಪ್ಸೂಲ್. "ಸ್ಟೋರಿನಲ್ಲಿ ಐದು ಸಾವಿರ ಇದೆ" ಅಂದವರಿಗೆ, ಅದು ಐನೂರು ಜನರಿಗೆ ಮಾತ್ರ ಅಂತ ನೆನಪಿಸಿ.

ಲಸಿಕೆ ನಂಬಿ ಮೊದಲ ತಿಂಗಳುಗಳ ಲೆಕ್ಕ ಹಾಕಬೇಡಿ. ಮೊಟ್ಟೆಯಲ್ಲಿ ವೈರಸ್ ಬೆಳೆಸಿ ಲಸಿಕೆ ಮಾಡಲು ಸುಮಾರು 6 ತಿಂಗಳು ಹಿಡಿಯುತ್ತದೆ. 2009ರಲ್ಲಿ ಸಾಕಷ್ಟು ಲಸಿಕೆ ಸಿಗುವಷ್ಟರಲ್ಲಿ ಅಮೆರಿಕದಲ್ಲಿ ಎಚ್1ಎನ್1 (ಹಂದಿ ಜ್ವರ) ಅಲೆ ಇಳಿಯತೊಡಗಿತ್ತು.

ಅಲ್ಲಿಯವರೆಗೆ ಗತಿ ಜನರನ್ನು ದೂರ ಇಡುವುದು. 1918ರ ಫ್ಲೂ ಮಹಾಮಾರಿಯ ನಡುವೆಯೇ, ಸೆಪ್ಟೆಂಬರ್ 28ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಅದೇ ದೇಶದ ಸೇಂಟ್ ಲೂಯಿಸ್‌ನಲ್ಲಿ ಸೋಂಕು ಕಾಣಿಸಿಕೊಂಡ ಕೂಡಲೇ ಶಾಲೆ, ಥಿಯೇಟರ್ ಮುಚ್ಚಿಸಿದರು. ಅಲ್ಲಿ ಸತ್ತವರ ಪ್ರಮಾಣ ಫಿಲಡೆಲ್ಫಿಯಾಕ್ಕಿಂತ ಬಹಳ ಕಡಿಮೆ. ನಿರ್ಬಂಧ ಸಡಿಲಿಸಿದ ಮೇಲೆ ಅಲ್ಲೂ ಸೋಂಕು ಮತ್ತೆ ಏರಿತು, ಅದು ಬೇರೆ ಮಾತು. ಆದ್ದರಿಂದ ಮುಚ್ಚುವ ಆದೇಶಕ್ಕೂ ತೆರೆಯುವ ಆದೇಶಕ್ಕೂ ಯಾರು ಸಹಿ ಹಾಕುತ್ತಾರೆ, ಏನು ನೋಡಿ ಹಾಕುತ್ತಾರೆ ಅಂತ ಮೊದಲೇ ಬರೆದಿಡಿ. ಅವರೇ ಮಲಗಿದರೆ ಯಾರು ಅನ್ನುವುದೂ ಇರಲಿ.

ದಾಸ್ತಾನಿನ ಮಾಸ್ಕಿಗೂ ಅವಧಿ ಇದೆ. ದಿನ ಹತ್ತಿರ ಬಂದದ್ದನ್ನು ವಾರ್ಡಿಗೆ ಕೊಟ್ಟು, ಹೊಸದನ್ನು ಒಳಗಿಡಿ. ಫೋನ್ ನಂಬರುಗಳನ್ನು ಮೂರು ತಿಂಗಳಿಗೊಮ್ಮೆ ಕರೆ ಮಾಡಿಯೇ ಪರೀಕ್ಷಿಸಿ, ಅದೂ ರಜೆಯ ದಿನ, ರಾತ್ರಿ ಹೊತ್ತು. ಬೈಯುತ್ತಾರೆ, ಬೈಸಿಕೊಳ್ಳಿ.